ಹೊಲದ ಮನೆಯ ಮುಂಬಾಗಿಲು: ಮೊದಲು ನೀರಿನ ದಾರಿ, ಗಿಡ ಆಮೇಲೆ

ಹೊಲದಲ್ಲೊಂದು ಕಲ್ಲಿನ ಮನೆ ಇದೆ ಅಂದುಕೊಳ್ಳಿ. ಅಜ್ಜ ಕಟ್ಟಿಸಿದ್ದಿರಬಹುದು, ಮೊನ್ನೆ ನೀವೇ ಕಟ್ಟಿಸಿದ್ದಿರಬಹುದು. ಮನೆ ಗಟ್ಟಿಯಾಗಿದೆ, ಚಂದವೂ ಇದೆ. ಆದರೆ ಬಾಗಿಲು ತೆಗೆದರೆ ಮಳೆಗಾಲದಲ್ಲಿ ಕೆಸರು, ಉಳಿದ ದಿನ ಧೂಳು. ಇದನ್ನು ಸರಿ ಮಾಡೋಣ ಅಂತ ಹೊರಟವರು ಸೀದಾ ನರ್ಸರಿಗೆ ಹೋಗುತ್ತಾರೆ. ನಾನೂ ಹಾಗೇ ಮಾಡಿದೆ. ಬಾದಾಮಿ ತಾಲ್ಲೂಕಿನ ಕುಳಗೇರಿ ಕ್ರಾಸ್ ಹತ್ತಿರ ಇರುವ ನಮ್ಮ ಹೊಲದ ಮನೆಗೆ ಒಂದು ಟಂಟಂ ತುಂಬ ಗಿಡ ತಂದು, ಗೋಡೆಗುಂಟ ಸಾಲಾಗಿ ನೆಟ್ಟೆ. ಗೇಟಿನಿಂದ ಬಾಗಿಲ ತನಕ ಫರಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿಸಿದೆ. ಮೊದಲ ವರ್ಷ ಬಂದವರೆಲ್ಲ ಹೊಗಳಿದರು. ಎರಡನೇ ಬೇಸಿಗೆ ಬರುವಷ್ಟರಲ್ಲಿ ಫರಸಿ ಒಂದೊಂದು ಒಂದೊಂದು ಕಡೆ ವಾಲಿತ್ತು. ಕಿಟಕಿಯ ಕೆಳಗೆ ಗೋಡೆ ಬಿರುಕು ಬಿಟ್ಟಿತ್ತು. ಕಿರುಬೆರಳು ಹಾಕಿದರೆ ಒಳಗೆ ಹೋಗುತ್ತಿತ್ತು.

ಎಲ್ಲ ಕಿತ್ತು ಮತ್ತೆ ಮಾಡಿಸಿದೆವು. ಆಗ ಬಂದ ಗೌಂಡಿ ಕಾಕಾ ಸಲಿಕೆಯಲ್ಲಿ ಒಂದಿಷ್ಟು ಮಣ್ಣು ಎತ್ತಿ ನನ್ನ ಕೈಗೆ ಹಾಕಿದರು. "ಅಕ್ಕಾರ, ಎರಿ ಮಣ್ಣು ಉಸಿರಾಡತೈತ್ರಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕುಗ್ಗತೈತಿ. ಅದರ ಮ್ಯಾಲೆ ಏನಿಟ್ರೂ ಅದೂ ಎದ್ದು ಕುಂತು ಮಾಡತೈತಿ" ಅಂದರು. ಎರಿ ಅಥವಾ ಎರೆ ಅಂದರೆ ನಮ್ಮ ಕಡೆಯ ಕಪ್ಪು ಜಿಗುಟು ಮಣ್ಣು. ಅವರ ಜೊತೆ ನಿಂತು ಮಾಡಿಸಿದ ಆ ಎರಡನೇ ಸಲದ ಕೆಲಸವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಒಂದು ಜೋರು ಮಳೆಗೆ ಕಾಯಿರಿ

ಕೆಲಸ ಶುರು ಮಾಡುವ ಮೊದಲು ಒಂದು ದೊಡ್ಡ ಮಳೆ ಬರುವಾಗ ಆ ಮನೆಯಲ್ಲಿರಿ. ಬಾಗಲಕೋಟೆ, ವಿಜಯಪುರ ಕಡೆ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಕಡಿಮೆ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಹಂಚಿಕೊಂಡು ಬರುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಉತ್ತರಿ, ಹಸ್ತ ಮಳೆಗಳು ಹಿಡಿದವು ಅಂದರೆ ಒಂದೇ ರಾತ್ರಿಯಲ್ಲಿ ಅಂಗಳ ಕೆರೆಯಾಗುತ್ತದೆ. ಕೊಡೆ ಹಿಡಿದು ಹೊರಗೆ ನಿಂತು ನೋಡಿ. ಮಾಳಿಗೆ ನೀರು ಎಲ್ಲಿ ಬೀಳುತ್ತದೆ? ಬಿದ್ದ ನೀರು ಹೊಸ್ತಿಲ ಕಡೆ ಬರುತ್ತದೋ, ದೂರ ಹೋಗುತ್ತದೋ? ಎಲ್ಲಿ ನಿಲ್ಲುತ್ತದೆ? ನಿಂತ ಕಡೆ ಒಂದೊಂದು ಗೂಟ ಹೊಡೆಯಿರಿ. ಮಳೆ ನಿಂತ ಮೇಲೆ ಎಷ್ಟು ಹೊತ್ತಿಗೆ ನೀರು ಇಂಗಿತು ಅಂತಲೂ ನೋಡಿ.

ಆಮೇಲೆ ಬಾಗಿಲಿನಿಂದ ಹತ್ತು ಅಡಿ ದೂರದಲ್ಲಿ ಎರಡು ಅಡಿ ಆಳದ ಒಂದು ಗುಂಡಿ ತೋಡಿ. ಕೆಳಗಿನ ಮಣ್ಣಿಗೆ ನೀರು ಚಿಮುಕಿಸಿ ಉಂಡೆ ಮಾಡಿ. ಕೈಗೆ ಅಂಟಿಕೊಂಡು, ಒಣಗಿದ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಬಿರಿದರೆ ಅದು ಎರೆ. ಉಂಡೆ ಸರಿಯಾಗಿ ನಿಲ್ಲದೆ ಪುಡಿಯಾದರೆ ಮಸಾರಿ, ಅಂದರೆ ಮರಳು ಬೆರೆತ ಕೆಂಪು ಮಣ್ಣು. ಮಸಾರಿ ನೆಲದವರಿಗೆ ಅರ್ಧ ಕಷ್ಟ ತಪ್ಪಿತು. ಮುಂದೆ ಅಗೆಯುವ ಆಳ ಹೇಳುತ್ತೇನಲ್ಲ, ಅದರ ಅರ್ಧ ಸಾಕು ಅವರಿಗೆ.

ಬೆಳಗಾವಿಯ ಖಾನಾಪುರ ಕಡೆಯ ಮನೆಯಾದರೆ ಲೆಕ್ಕವೇ ಬೇರೆ. ಅಲ್ಲಿ ಮಳೆ ನಮ್ಮದರ ಎರಡು ಮೂರು ಪಟ್ಟು, ಮಣ್ಣು ಕೆಂಪು. ಅಲ್ಲಿ ಬಿರುಕಿನ ಭಯ ಕಡಿಮೆ, ಪಾಚಿಯ ಭಯ ಜಾಸ್ತಿ. ನೀರು ಹರಿಸುವ ಕಾಲುವೆ ಅಗಲ ಮಾಡಿ, ಕಲ್ಲಿನ ಮೈ ಒರಟಾಗಿಟ್ಟುಕೊಳ್ಳಿ.

ನೀರನ್ನು ಗೋಡೆಯಿಂದ ದೂರ ಕಳಿಸುವುದು

ಇಡೀ ಕೆಲಸದ ಜೀವ ಇದೇ. ಗೋಡೆಯ ಬುಡದಿಂದ ಮೂರು ಅಡಿ ಅಗಲಕ್ಕೆ ಒಂದು ಹಾಸು ಮಾಡಿಸಿ. ಎರೆ ಮಣ್ಣನ್ನು ಒಂದು ಅಡಿ ತೆಗೆದು, ಗರಸು (ಕಲ್ಲುಚೂರು ಬೆರೆತ ಒರಟು ಮಣ್ಣು) ತುಂಬಿ, ನೀರು ಹಾಕಿ, ದಮ್ಮಸು (ನೆಲ ಗಟ್ಟಿ ಮಾಡುವ ಸಾಧನ) ಬಡಿಸಿ, ಮೇಲೆ ಫರಸಿ. ಈ ಹಾಸಿನ ಕಲ್ಲುಗಳ ಸಂದಿಯನ್ನು ಮಾತ್ರ ಗಾರೆಯಿಂದ ಮುಚ್ಚಿಸಿ, ನೀರು ಕೆಳಗಿಳಿಯಬಾರದು. ಗೋಡೆಯಿಂದ ಹೊರಕ್ಕೆ ಇಳಿಜಾರು ಇರಬೇಕು. ಹತ್ತು ಅಡಿಗೆ ಎರಡು ಇಂಚು ಇಳಿದರೆ ನೀರು ತಾನಾಗಿ ಹರಿಯುತ್ತದೆ, ನಡೆಯುವಾಗ ಕಾಲಿಗೆ ಇಳಿಜಾರು ಗೊತ್ತೂ ಆಗುವುದಿಲ್ಲ. ಮೂರು ಅಡಿಯ ಹಾಸಿಗೆ ಒಂದು ಇಂಚು ಇಳಿಸಿದರೆ ಒಳ್ಳೆಯದು. ಕಣ್ಣಂದಾಜು ನಂಬಬೇಡಿ. ನೀರು ತುಂಬಿದ ಪಾರದರ್ಶಕ ಪೈಪ್ ಗೌಂಡಿಗಳ ಹತ್ತಿರ ಇರುತ್ತದೆ, ಅದರಲ್ಲೇ ಮಟ್ಟ ಹಿಡಿಸಿ.

ಹಂಚಿನ ಮನೆಯಾದರೆ ಸೂರಿನ ನೀರು ಒಂದೇ ಗೆರೆಯಲ್ಲಿ ಬಿದ್ದು ಮಣ್ಣು ಕೊರೆಯುತ್ತದೆ. ಆ ಗೆರೆ ಈ ಹಾಸಿನ ಮೇಲೇ ಬೀಳುವಂತಿರಲಿ. ಮಣ್ಣಿನ ಮಾಳಿಗೆಯಾದರೆ ನೀರು ಒಂದೆರಡು ಕಡೆ ಕೊಳವೆಯಿಂದ ಧಾರೆಯಾಗಿ ಬೀಳುತ್ತದೆ. ಆ ಧಾರೆಯ ಕೆಳಗೆ ಒಂದು ಕಲ್ಲಿನ ದೋಣಿಯನ್ನೋ ಗಟ್ಟಿ ಬಂಡೆಯನ್ನೋ ಇಡಿ. ಬಾಗಿಲಿನ ನೇರಕ್ಕೇ ಕೊಳವೆ ಇದ್ದರೆ ಈಗಲೇ ಅದನ್ನು ಪಕ್ಕಕ್ಕೆ ಸರಿಸಿಬಿಡಿ. ಆಮೇಲೆ ಮಾಡಿಸುತ್ತೇನೆ ಅಂದರೆ ಅದು ಆಗದ ಕೆಲಸ.

ಹಾಸಿನ ಅಂಚಿನಿಂದ ನೀರು ಎಲ್ಲಿಗೆ ಹೋಗಬೇಕು ಅಂತಲೂ ಇವತ್ತೇ ತೀರ್ಮಾನ ಮಾಡಿ. ನಮ್ಮಲ್ಲಿ ಅಂಗಳದ ತಗ್ಗಿನ ಕಡೆ ಒಂದು ಸಣ್ಣ ಒಡ್ಡು ಹಾಕಿ, ಅದರ ಹಿಂದೆ ಕರಿಬೇವು, ದಾಳಿಂಬೆ ಹಚ್ಚಿದ್ದೇವೆ. ಅಂಗಳದ ನೀರೆಲ್ಲ ಅಲ್ಲಿಗೆ ಸೇರುತ್ತದೆ. ಮಳೆ ಬಂದ ವಾರ ಆ ಗಿಡಗಳಿಗೆ ಒಂದು ಕೊಡ ನೀರೂ ಹಾಕಬೇಕಿಲ್ಲ.

ದಾರಿ ಹಾಕುವುದು

ದಾರಿಯನ್ನು ಕಾಗದದ ಮೇಲೆ ಬರೆಯಬೇಡಿ. ಒಲೆಯ ಬೂದಿಯನ್ನು ಬುಟ್ಟಿಯಲ್ಲಿ ತುಂಬಿಕೊಂಡು, ನೀವು ದಿನಾ ನಡೆಯುವ ಹಾಗೇ ಗೇಟಿನಿಂದ ಬಾಗಿಲಿಗೆ ನಡೆಯುತ್ತ ಚೆಲ್ಲಿ. ನಾಲ್ಕು ದಿನ ಮನೆಯವರು ಅದರ ಮೇಲೇ ಓಡಾಡಲಿ. ಎಲ್ಲರೂ ಒಂದು ಕಡೆ ಗೆರೆ ಬಿಟ್ಟು ಅಡ್ಡ ಹಾಯುತ್ತಿದ್ದಾರೆ ಅಂದರೆ ದಾರಿ ಅಲ್ಲೇ ಇರಬೇಕು. ನಮ್ಮಲ್ಲಿ ನನ್ನ ಮೊದಲ ದಾರಿ ಗೇಟಿನಿಂದ ನೆಟ್ಟಗೆ ಬಾಗಿಲಿಗೆ ಇತ್ತು. ಅತ್ತೆ ಮಾತ್ರ ಯಾವಾಗಲೂ ಬೇವಿನ ಮರದ ಕೆಳಗೆ ಹಾದು ಬರುತ್ತಿದ್ದರು. ನೆರಳು ಇರುವುದೇ ಅಲ್ಲಿ. ಈಗಿನ ದಾರಿ ಮರದ ಕಡೆ ಸ್ವಲ್ಪ ಬಾಗಿ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ದಾರಿ ಬಾಗುವುದಕ್ಕೆ ನೆರಳಿಗಿಂತ ಒಳ್ಳೆಯ ಕಾರಣ ಇಲ್ಲ.

ಅಗಲ ನಾಲ್ಕು ಅಡಿ ಇರಲಿ. ಇಬ್ಬರು ಮಾತಾಡುತ್ತ ಜೊತೆಯಾಗಿ ಬರಬಹುದು, ಒಬ್ಬರು ತಲೆಯ ಮೇಲೆ ಬುಟ್ಟಿ ಹೊತ್ತು ಬಂದರೂ ಇಕ್ಕಟ್ಟಾಗುವುದಿಲ್ಲ.

ಎರೆ ನೆಲದಲ್ಲಿ ದಾರಿಯುದ್ದಕ್ಕೂ 15 ಇಂಚು ಅಗೆಯಿರಿ. ಅದರಲ್ಲಿ 12 ಇಂಚು ಗರಸು ತುಂಬಬೇಕು. ಒಂದೇ ಸಲ ಸುರಿದರೆ ಕೆಲಸ ಕೆಟ್ಟಿತು. ನಾಲ್ಕು ಇಂಚು ಹಾಕಿ, ನೀರು ಚಿಮುಕಿಸಿ, ದಮ್ಮಸು ಬಡಿಸಿ, ಮತ್ತೆ ನಾಲ್ಕು ಇಂಚು. ಮೂರು ಸಲ. ದಮ್ಮಸಿನ ಸದ್ದು ಮೊದಲು ಮೆತ್ತಗೆ, ಧಬ್ ಧಬ್ ಅಂತ ಬರುತ್ತದೆ. ನೆಲ ಗಟ್ಟಿಯಾದ ಹಾಗೆ ಟಣ್ ಅನ್ನುವ ಸದ್ದು ಶುರುವಾಗುತ್ತದೆ. ಆ ಸದ್ದು ಬರುವ ತನಕ ಬಿಡಬೇಡಿ ಅಂತ ಕಾಕಾ ಹುಡುಗರಿಗೆ ಹೇಳುತ್ತಿದ್ದರು. ಗರಸಿನ ಮೇಲೆ ಎರಡು ಇಂಚು ಉಸುಕು (ಮರಳು), ಉಸುಕಿನ ಮೇಲೆ ಕಲ್ಲು. ಕೊನೆಗೆ ದಾರಿ ಅಕ್ಕಪಕ್ಕದ ನೆಲಕ್ಕಿಂತ ಒಂದು, ಒಂದೂವರೆ ಇಂಚು ಮೇಲಿರಬೇಕು.

ಗರಸು ದುಬಾರಿ, ಉಸುಕನ್ನೇ ತುಂಬೋಣ ಅಂತ ಕೆಲವರು ಅನ್ನುತ್ತಾರೆ. ಬೇಡ. ಎರೆ ಮಣ್ಣಿನ ಗುಂಡಿಯಲ್ಲಿ ಉಸುಕು ತುಂಬಿದರೆ ನೀರಿನ ತೊಟ್ಟಿ ಕಟ್ಟಿದ ಹಾಗೆ. ನೀರು ಒಳಗೆ ಇಳಿಯುತ್ತದೆ, ಹೊರಗೆ ಹೋಗುವುದಿಲ್ಲ.

ಲೆಕ್ಕ ಹೀಗೆ. 30 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಆಳ ಅಂದರೆ 120 ಘನ ಅಡಿ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಬಡಿದ ಮೇಲೆ ಗರಸು ಕುಗ್ಗುತ್ತದೆ, ಹಾಗಾಗಿ ಒಂದೂವರೆ ಬ್ರಾಸ್ ತರಿಸಿ. ಉಳಿದರೆ ಅಂಗಳಕ್ಕೆ ಆಯಿತು.

ಕಲ್ಲಿನ ವಿಷಯದಲ್ಲಿ ನಮ್ಮ ಜಿಲ್ಲೆಗಳವರು ಪುಣ್ಯವಂತರು. ಇಳಕಲ್ಲಿನ ಕೆಂಪು ಗ್ರಾನೈಟ್, ಬಾದಾಮಿ ಸುತ್ತಿನ ಕೆಂಪು ಮರಳುಗಲ್ಲು, ವಿಜಯಪುರದ ಕರಿಕಲ್ಲು, ಎಲ್ಲ ಕಡೆ ಸಿಗುವ ಶಹಾಬಾದಿ ಫರಸಿ. ದಾರಿಗೆ ಎರಡು, ಎರಡೂವರೆ ಇಂಚು ದಪ್ಪದ ಕಲ್ಲು ಬೇಕು. ಮನೆಯೊಳಗೆ ಹಾಕುವ ತೆಳು ಫರಸಿ ಹೊರಗೆ ಒಡೆಯುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ತುಂಡು ಅಗ್ಗಕ್ಕೆ ಸಿಕ್ಕರೂ ನಡೆಯುವ ಜಾಗಕ್ಕೆ ಬೇಡ. ಮಳೆಯಲ್ಲಿ ಎಣ್ಣೆ ಸುರಿದ ಹಾಗೆ ಜಾರುತ್ತದೆ. ತಂದಿದ್ದರೆ ಚಾಣ ಹೊಡೆಸಿ ಮೈ ಒರಟು ಮಾಡಿಸಿ.

ಮರಳುಗಲ್ಲಿನ ಬಣ್ಣಕ್ಕೆ ನಾನೂ ಸೋತವಳೇ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಒಳಗಿನ ಕೆತ್ತನೆ ಇವತ್ತಿಗೂ ಕಣ್ಣು ತುಂಬುತ್ತದೆ. ಆದರೆ ಅಲ್ಲಿ ಮೇಲೆ ಬಂಡೆಯ ಸೂರಿದೆ, ಕಲ್ಲು ಒಣಗಿರುತ್ತದೆ. ಅದೇ ಕಲ್ಲು ನೆಲದಲ್ಲಿ ತೇವ ಹಿಡಿದು ಕೂತರೆ ಪದರ ಪದರವಾಗಿ ಬಿಡುತ್ತದೆ. ಹಾಗಾಗಿ ಕಟ್ಟೆಗೆ, ಗೇಟಿನ ಕಂಬಕ್ಕೆ ಮರಳುಗಲ್ಲು ಇಡಿ. ಕಾಲು ಬೀಳುವ ಕಡೆ ಗ್ರಾನೈಟ್ ಅಥವಾ ಕರಿಕಲ್ಲು.

ದಾರಿಯ ಕಲ್ಲುಗಳ ಸಂದಿಗೆ ಸಿಮೆಂಟ್ ತುಂಬಬೇಡಿ. ಅರ್ಧ ಇಂಚು ಸಂದಿ ಬಿಟ್ಟು ಉಸುಕು ಗುಡಿಸಿ ತುಂಬಿ. ನೆಲ ಸ್ವಲ್ಪ ಅಲ್ಲಾಡಿದರೂ ಕಲ್ಲು ತಾನೇ ಹೊಂದಿಕೊಳ್ಳುತ್ತದೆ. ಸಂದಿಯಲ್ಲಿ ಕರಕಿ ಹುಟ್ಟಿದರೆ ಹುಟ್ಟಲಿ, ಹಬ್ಬಕ್ಕೆ ಗಣಪನಿಗೆ ಮನೆ ಮುಂದೇ ಸಿಕ್ಕಿತು.

ಪಾವಟಿಗೆ, ಕಟ್ಟೆ, ಕಾಲಿಗೆ ನೀರು

ಹಳೆಯ ಮನೆಗಳ ಪಾವಟಿಗೆ (ಮೆಟ್ಟಿಲು) ಎಂಟು ಒಂಬತ್ತು ಇಂಚು ಎತ್ತರ ಇರುತ್ತವೆ. ಮೊಣಕಾಲು ನೋವಿನವರಿಗೆ ಅದು ಬೆಟ್ಟ. ಆರು ಇಂಚು ಎತ್ತರ, ಕನಿಷ್ಠ ಒಂದು ಅಡಿ ಅಗಲ ಇಡಿ. ಎಲ್ಲ ಪಾವಟಿಗೆಯ ಎತ್ತರ ಒಂದೇ ಇರಬೇಕು. ಒಂದು ಮಾತ್ರ ಹೆಚ್ಚು ಕಡಿಮೆ ಆದರೆ ರಾತ್ರಿ ಎಡವುವುದು ಅಲ್ಲೇ. ಪ್ರತಿ ಪಾವಟಿಗೆ ಮುಂದಕ್ಕೆ ಕಾಲು ಇಂಚು ವಾಲಿರಲಿ, ನೀರು ನಿಲ್ಲುವುದಿಲ್ಲ.

ಬಾಗಿಲಿನ ಎರಡೂ ಕಡೆ ಕಟ್ಟೆ ಇದ್ದರೆ ಮನೆಗೆ ಮುಖ ಬಂದ ಹಾಗೆ. ಎತ್ತರ ಒಂದೂವರೆ ಅಡಿ, ಅಗಲ ಎರಡು ಅಡಿ. ಮೇಲಿನ ಫರಸಿಯ ಮೂಲೆ ಉಜ್ಜಿಸಿ ದುಂಡಗೆ ಮಾಡಿಸಿ, ಮಕ್ಕಳು ಓಡಾಡುವ ಜಾಗ ಅದು. ಜೂನ್‌ನಿಂದ ಆಗಸ್ಟ್ ತನಕ ಪಶ್ಚಿಮದ ಗಾಳಿ ಜೋರು. ನಿಮ್ಮ ಬಾಗಿಲು ಪಶ್ಚಿಮಕ್ಕಿದ್ದರೆ ಆ ಕಡೆಗೆ ಮೂರು ಅಡಿ ಎತ್ತರದ ಒಂದು ಮೋಟು ಗೋಡೆ ಎತ್ತಿಸಿ. ಕೂತವರಿಗೆ ಗಾಳಿ ತಡೆಯುತ್ತದೆ, ಎರಚಲು ಒಳಗೆ ಬರುವುದಿಲ್ಲ.

ಪಾವಟಿಗೆಯ ಪಕ್ಕ, ಹೊಲದಿಂದ ಬರುವ ಕಡೆಗೆ, ಒಂದು ಕಲ್ಲಿನ ಬಾನಿ ಇಡಿ. ಮೇಲೊಂದು ತಂಬಿಗೆ. ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ, ಎರೆ ಮಣ್ಣು ಮೆತ್ತಿದ ಕಾಲಿಗೆ ಅದು ಅಗತ್ಯ ಕೂಡ. ಬಾನಿಯ ಕೆಳಗೆ ಎರಡು ಅಡಿ ಚೌಕದ ಹಾಸುಗಲ್ಲು, ಅದರಿಂದ ಸಣ್ಣ ಕಾಲುವೆ ಮಾಡಿ ಗಿಡದ ಕಡೆ ಬಿಡಿ. ಬಾನಿಯ ನೀರು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಉಜ್ಜಿ ತುಂಬಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ ಹಾಕುತ್ತವೆ.

ಹಳೆಯ ಬೀಸುಕಲ್ಲು, ಒಳಕಲ್ಲುಗಳನ್ನು ದಾರಿಯಲ್ಲಿ ತುಳಿಯುವ ಕಲ್ಲಾಗಿ ಹಾಕುವುದು ಈಗ ಜಾಸ್ತಿ ಆಗಿದೆ. ಅನ್ನ ಕೊಟ್ಟ ಕಲ್ಲು ಅದು, ಕಾಲಡಿ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಕಟ್ಟೆಯ ಮೇಲಿಡಿ, ತುಳಸಿ ಕಟ್ಟೆಯ ಪಕ್ಕ ಇಡಿ. ಎತ್ತಿನ ಬಂಡಿಯ ಗಾಲಿ ಇದ್ದರೆ ಮಣ್ಣಿಗೆ ತಾಗಿಸಬೇಡಿ, ಒಂದೇ ವರ್ಷದಲ್ಲಿ ಗೆದ್ದಲಿನ ಪಾಲು. ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿ.

ಅಂಗಳ ಅಂಗಳವಾಗಿಯೇ ಇರಲಿ

ಬಾಗಿಲ ಮುಂದೆ ಹುಲ್ಲುಹಾಸು ಬೇಕು ಅಂತ ಎಲ್ಲರಿಗೂ ಆಸೆ. ನನ್ನ ಅನುಭವದಲ್ಲಿ ನಮ್ಮ ಬಿಸಿಲಿಗೆ ಅದು ನೀರು ಕುಡಿಯುವ ಬಾಯಿ. ಬೇಸಿಗೆಯಲ್ಲಿ ಬೋರ್ ನೀರು ಇಳಿದಾಗ ಮೊದಲು ಒಣಗುವುದೂ ಅದೇ. ಬದಲಿಗೆ ಗರಸು ಹರಡಿ ಬಡಿದ ಅಂಗಳ ಮಾಡಿ, ಸಗಣಿ ಸಾರಿಸಿ. ವಾರಕ್ಕೊಮ್ಮೆ ಸಾರಿಸಿದರೆ ಧೂಳು ಏಳುವುದಿಲ್ಲ. ಬೆಳಿಗ್ಗೆ ಅದರ ಮೇಲೆ ಬಿಳಿ ರಂಗೋಲಿ, ಪಕ್ಕದಲ್ಲಿ ಕೆಂಪು ಕಲ್ಲಿನ ಕಟ್ಟೆ. ನರ್ಸರಿಯ ಯಾವ ಗಿಡವೂ ಈ ನೋಟ ಕೊಡುವುದಿಲ್ಲ.

ತುಳಸಿ ಕಟ್ಟೆಯನ್ನು ಬಾಗಿಲಿಗೆ ಎದುರಾಗಿ, ಬೆಳಗಿನ ಬಿಸಿಲು ಬೀಳುವ ಕಡೆ ಕಟ್ಟಿಸಿ. ಅದಕ್ಕೂ ಕೆಳಗೆ ಗರಸಿನ ಪಾಯ ಬೇಕು.

ಈಗ ಗಿಡ

ಗೋಡೆಯಿಂದ ಐದು ಅಡಿಯೊಳಗೆ ನೀರು ಬೇಡುವ ಗಿಡ ಬೇಡವೇ ಬೇಡ. ನನ್ನ ಗೋಡೆ ಬಿರಿದದ್ದು ಇದರಿಂದಲೇ. ದಿನಾ ಗೋಡೆ ಬುಡಕ್ಕೆ ನೀರು ಹಾಕುತ್ತಿದ್ದೆ. ಆ ಕಡೆಯ ಎರೆ ಉಬ್ಬುತ್ತಿತ್ತು, ಒಳಗಿನ ಕಡೆ ಒಣಗಿಯೇ ಇರುತ್ತಿತ್ತು. ಗೋಡೆ ಪಾಪ ಏನು ಮಾಡೀತು? ಬಾಗಿಲ ಪಕ್ಕ ಹಸಿರು ಬೇಕೇ ಬೇಕು ಅಂದರೆ ಮಣ್ಣಿನ ಕುಂಡದಲ್ಲಿ ಲೋಳೆಸರ, ನಿತ್ಯಪುಷ್ಪ ಇಡಿ.

ಆ ಕುಂಡಗಳನ್ನು ಬಿಟ್ಟರೆ ಬಾಗಿಲ ಸುತ್ತ ಮೂರು ಅಡಿ ಖಾಲಿ ಇರಲಿ. ಹೊಲದ ಮನೆ ಅಂದ ಮೇಲೆ ಹುಳಹುಪ್ಪಡಿ ಇದ್ದದ್ದೇ. ದಟ್ಟ ಪೊದೆ, ಪೇರಿಸಿಟ್ಟ ಕಲ್ಲು, ಒಣ ಎಲೆಯ ರಾಶಿ ಬಾಗಿಲ ಹತ್ತಿರ ಇದ್ದರೆ ಹಾವು, ಚೇಳಿಗೆ ನಾವೇ ಜಾಗ ಕೊಟ್ಟ ಹಾಗೆ.

ಹಂದರದ ಆಸೆ ಇದ್ದರೆ ಜಾಜಿ ಹಚ್ಚಿ. ದುಂಡು ಮಲ್ಲಿಗೆ ಪೊದೆ ಗಿಡ, ಅದು ಹಂದರ ಏರುವುದಿಲ್ಲ. ಏಳು ಅಡಿ ಎತ್ತರದ ಕಂಬ ನಿಲ್ಲಿಸಿ, ಬಳ್ಳಿಯ ಬುಡ ಗೋಡೆಯಿಂದ ಐದು ಅಡಿ ಆಚೆ ಇರಲಿ, ಮೇಲಿಂದ ಬಾಗಿಲ ಕಡೆ ಹಬ್ಬಿಸಿ. ದುಂಡು ಮಲ್ಲಿಗೆಯನ್ನು ಕಟ್ಟೆಯ ಎದುರಿಗೆ ಹಚ್ಚಿದರೆ ಬೇಸಿಗೆಯ ಸಂಜೆ ಕೂತಾಗ ಗಾಳಿಯೆಲ್ಲ ಅದೇ. ಡಿಸೆಂಬರ್ ಹೊತ್ತಿಗೆ ಅದನ್ನು ಸವರಿದರೆ ಬೇಸಿಗೆಗೆ ಮೊಗ್ಗು ಜಾಸ್ತಿ.

ಗೇಟಿನ ಪಕ್ಕಕ್ಕೆ ಕಾಗದದ ಹೂವಿನ ಬಳ್ಳಿ, ಅಂದರೆ ಬೋಗನ್‌ವಿಲ್ಲಾ. ನೀರು ಕಡಿಮೆ ಮಾಡಿದಷ್ಟೂ ಹೂವು ಹೆಚ್ಚು. ಮುಳ್ಳು ಇರುವುದರಿಂದ ದಾರಿಯಿಂದ ನಾಲ್ಕು ಅಡಿ ದೂರ ಇಡಿ. ದೇವಕಣಗಿಲೆಯ ಕೊಂಬೆ ಯಾರ ಮನೆಯಿಂದಲಾದರೂ ತರಬಹುದು. ಕಡಿದ ತಕ್ಷಣ ನೆಟ್ಟರೆ ಕೊಳೆಯುತ್ತದೆ. ಒಂದು ವಾರ ನೆರಳಲ್ಲಿಟ್ಟು, ಹಾಲು ಒಣಗಿದ ಮೇಲೆ ನೆಡಿ. ಬರೀ ಕಣಗಿಲೆ ಬೇರೆ ಗಿಡ. ಅದು ಸವಳು ನೀರಿಗೂ ಬಗ್ಗದ ಗಟ್ಟಿ ಗಿಡ, ಆದರೆ ಬೇರಿನಿಂದ ಹೂವಿನ ತನಕ ವಿಷ. ದನ ಕಟ್ಟುವ ಮನೆಯಲ್ಲಿ ಬೇಡ. ಕತ್ತರಿಸಿದ ಕೊಂಬೆ ಒಣಗಿ ಮೇವಿನಲ್ಲಿ ಬೆರೆತರೆ ದನ ಸಾಯುತ್ತದೆ. ಬೋರ್ ನೀರು ನೆಲದ ಮೇಲೆ ಬಿಳಿ ಉಪ್ಪು ಬಿಡುವಂತಿದ್ದರೆ ಗುಲಾಬಿಯ ಆಸೆಯನ್ನೂ ಬಿಡಿ.

ಮರ ಹಚ್ಚುವುದಾದರೆ ಬೇವು, ಹೊಂಗೆ. ಮನೆಯಿಂದ ಕನಿಷ್ಠ 25 ಅಡಿ ದೂರ. ಸಸಿ ನೋಡಿ ಅಂದಾಜು ಮಾಡಬೇಡಿ. ಆಲಮಟ್ಟಿ ಅಣೆಕಟ್ಟಿನ ಉದ್ಯಾನಗಳು ನಮ್ಮದೇ ಬಿಸಿಲಿನಲ್ಲಿವೆ. ಒಂದು ದಿನ ಹೋಗಿ, ಯಾವ ಗಿಡ ಬೆಳೆದ ಮೇಲೆ ಎಷ್ಟು ಅಗಲ ಆಗುತ್ತದೆ ಅಂತ ಹೆಜ್ಜೆಯಲ್ಲಿ ಅಳೆದು ಬನ್ನಿ. ಗಿಡದ ಬಗ್ಗೆ ಕೇಳಲು ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯವೇ ಇದೆ.

ಗುಂಡಿಯನ್ನು ಏಪ್ರಿಲ್, ಮೇನಲ್ಲಿ ತೋಡಿ ಬಿಸಿಲಿಗೆ ಬಿಡಿ. ಪೊದೆ ಗಿಡಕ್ಕೆ ಒಂದೂವರೆ ಅಡಿ, ಮರಕ್ಕೆ ಎರಡೂವರೆ ಅಡಿ. ಎರೆ ಮಣ್ಣಿಗೆ ಮಸಾರಿ ಮಣ್ಣು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಜೂನ್‌ನಲ್ಲಿ ಮಿರಗ (ಮೃಗಶಿರ) ಮಳೆ ಬಿದ್ದು ನೆಲ ತಣ್ಣಗಾದ ಮೇಲೆ ನೆಡಿ. ಪ್ರತಿ ಗಿಡದ ಪಕ್ಕ, ಒಂದು ಅಡಿ ದೂರದಲ್ಲಿ, ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ಕುತ್ತಿಗೆ ತನಕ ಹೂಳಿ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿಸಿ ಬಾಯಿ ಮುಚ್ಚಿದರೆ ಸಾಕು, ನೀರು ಒಸರುತ್ತ ಇರುತ್ತದೆ. ವಾರಕ್ಕೆರಡು ಸಲ ಮಾತ್ರ ಹೊಲಕ್ಕೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಬುಡಕ್ಕೆ ಕಬ್ಬಿನ ರವದಿ (ಒಣ ಎಲೆ) ಅಥವಾ ಶೇಂಗಾ ಹೊಟ್ಟು ಮುಚ್ಚಿ. ಅದು ಗೋಡೆಗೆ, ಬಾಗಿಲ ಚೌಕಟ್ಟಿಗೆ ತಾಗದಿರಲಿ. ಗೆದ್ದಲು ಅದೇ ದಾರಿಯಲ್ಲಿ ಕಟ್ಟಿಗೆಗೆ ಏರುತ್ತದೆ.

ದೀಪದ ಬಗ್ಗೆ ಒಂದೇ ಮಾತು. ಎತ್ತರದ ಬಿಳಿ ಬಲ್ಬಿನ ಬದಲು ಪಾವಟಿಗೆಯ ಮಟ್ಟದಲ್ಲಿ ಹಳದಿ ಬೆಳಕು ಇಡಿ. ಹುಳ ಕಡಿಮೆ ಮುತ್ತುತ್ತವೆ, ನೆಲದ ಮೇಲೆ ಏನಿದೆ ಅಂತ ಕಾಣುತ್ತದೆ.

ಮೊದಲ ಮಳೆಗಾಲ ಮುಗಿದ ಮೇಲೆ, ದೀಪಾವಳಿಗೆ ಸುಣ್ಣ ಹಚ್ಚುವ ಹೊತ್ತಿಗೆ, ಬರಿಗಾಲಲ್ಲಿ ಗೇಟಿನಿಂದ ಬಾಗಿಲ ತನಕ ಒಂದೊಂದೇ ಕಲ್ಲಿನ ಮೇಲೆ ನಿಧಾನ ನಡೆದು ನೋಡಿ. ಅಲ್ಲಾಡುವ ಕಲ್ಲು ಕಣ್ಣಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ. ಅದನ್ನು ಹಾರೆಯಿಂದ ಎಬ್ಬಿಸಿ, ಕೆಳಗೆ ಎರಡು ಬುಟ್ಟಿ ಉಸುಕು ಹಾಕಿ, ಮತ್ತೆ ಕೂರಿಸಿ.